ಬಬಲೇಶ್ವರದ ದ್ರಾಕ್ಷಿ ತೋಟದಲ್ಲಿ ಮೂರು ದಿನ

ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದರೂ ತವರಿಗೆ ಹೊರಡುವ ದಿನ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆದರೆ ಈ ಸಲ ಮಾರ್ಚ್ ತಿಂಗಳಲ್ಲಿ ಬಬಲೇಶ್ವರಕ್ಕೆ ಹೊರಟಾಗ ನಿದ್ದೆ ಕೆಟ್ಟದ್ದು ಖುಷಿಯಿಂದಲ್ಲ. ಅಣ್ಣನಿಗೆ ಒಂದು ಮಾತು ಹೇಳಬೇಕಿತ್ತು. ಅದನ್ನು ಹೇಗೆ ಹೇಳಲಿ ಎಂಬುದೇ ಚಿಂತೆಯಾಗಿತ್ತು.

ಅಣ್ಣನಿಗೆ ಊರ ಹೊರಗೆ ಎರಡೆಕರೆ ದ್ರಾಕ್ಷಿ ತೋಟವಿದೆ. ಪ್ರತಿವರ್ಷ ಯುಗಾದಿಯ ಮುಂದೆ ಐದು ಕಿಲೋ ಒಣದ್ರಾಕ್ಷಿ ಕಟ್ಟಿ ಕಳಿಸುತ್ತಾನೆ. ಬಂಗಾರದ ಬಣ್ಣದ, ಉದ್ದನೆಯ, ಒಂದರಂತೆ ಒಂದಿರುವ ಕಾಳು. ಓಣಿಯ ಗೆಳತಿಯರಿಗೆಲ್ಲ ಒಂದೊಂದು ಬಟ್ಟಲು ಹಂಚಿ, "ನಮ್ಮ ತವರಿಂದು" ಎಂದು ಹೇಳಿಕೊಳ್ಳುವಾಗ ನನ್ನ ಮುಖ ನೋಡಬೇಕು! ಹೋದ ವರ್ಷ ಹನ್ನೊಂದು ವರ್ಷದ ನನ್ನ ಕಿರಿಯ ಮಗ ಆ ಡಬ್ಬಿಯಿಂದ ಒಂದು ಮುಷ್ಟಿ ತಿಂದ. ಅವನಿಗೆ ಮೊದಲಿನಿಂದ ಉಬ್ಬಸದ ತೊಂದರೆ ಇದೆ. ತಿಂದ ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು, ಎದೆ ಸುಯ್ ಸುಯ್ ಎನ್ನತೊಡಗಿತು. ವಾರ ಬಿಟ್ಟು ಮತ್ತೆ ಹಾಗೆಯೇ ಆಯಿತು. ಡಾಕ್ಟರರು ಏನೇನು ತಿಂದ ಎಂದು ಕೇಳುತ್ತಾ ಹೋಗಿ, ಕೊನೆಗೆ "ಹಳದಿ ಒಣದ್ರಾಕ್ಷಿಯೇ? ಒಂದೆರಡು ತಿಂಗಳು ಅದನ್ನು ಬಿಟ್ಟು ನೋಡಿ" ಎಂದರು. ಅದೇ ಕಾರಣ ಎಂದು ಅವರೇನೂ ಗಟ್ಟಿಯಾಗಿ ಹೇಳಲಿಲ್ಲ, ಅನುಮಾನ ಎಂದಷ್ಟೇ ಹೇಳಿದರು. ನಾವು ಬಿಟ್ಟೆವು. ತಿಂದೊಡನೆ ಬರುತ್ತಿದ್ದ ಆ ಕೆಮ್ಮು ಮತ್ತೆ ಬರಲಿಲ್ಲ.

ಅಂಗಡಿಯ ಸಾಮಾನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ತವರಿನ ಗಂಟಿಗೆ ಏನೆನ್ನುವುದು?

ಎರೆಮಣ್ಣಿನ ದಾರಿ

ವಿಜಯಪುರದಿಂದ ಬಬಲೇಶ್ವರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಬಸ್ಸು ಊರು ದಾಟಿದರೆ ಗೋಳಗುಮ್ಮಟ ಹಿಂದೆ ಉಳಿಯುತ್ತದೆ, ಕಣ್ಣು ಹಾಯಿಸಿದಷ್ಟೂ ಕಪ್ಪು ಎರೆಭೂಮಿ. ಮಾರ್ಚ್ ಎಂದರೆ ಜೋಳ ಕೊಯ್ದಾಗಿರುತ್ತದೆ, ಹೊಲದಲ್ಲಿ ಕೊಯ್ಲಿ, ಬದುವಿನ ಮೇಲೆ ಕಣಕಿಯ ಬಣವೆ. ಬಿಸಿಲಿಗೆ ನೆಲ ಬಿರಿದು ಕೈ ಇಳಿಯುವಷ್ಟು ಅಗಲದ ಸೀಳು. ಸಾರವಾಡದ ಹತ್ತಿರ ಡೋಣಿ ಸಿಗುತ್ತದೆ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎಂದು ನಮ್ಮವ್ವ ಹೇಳುತ್ತಿದ್ದಳು. ಹೊಳೆಯ ನೀರು ಉಪ್ಪುಪ್ಪು, ಆದರೆ ಅದರ ದಂಡೆಯ ಎರೆಯಲ್ಲಿ ಬೆಳೆದ ಬಿಳಿಜೋಳದ ರೊಟ್ಟಿಯ ರುಚಿ ತಿಂದವರಿಗೇ ಗೊತ್ತು.

ಮಳೆ ಕಡಿಮೆಯಾದರೂ ಹಿಂಗಾರಿಯಲ್ಲಿ ಜೋಳ ತೆಗೆಯುವುದು ಹೇಗೆ ಎಂದು ತಿಳಿಯಲು 1930ರ ದಶಕದಲ್ಲೇ ಆಗಿನ ಬಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಈಗ ಹಿಟ್ಟಿನಹಳ್ಳಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವೂ ಕಾಲೇಜೂ ಇವೆ. ಅಣ್ಣನ ಮಗಳು ಅಲ್ಲೇ ಓದುತ್ತಿದ್ದಾಳೆ. ಅವಳ ಸುದ್ದಿ ಮುಂದೆ ಬರುತ್ತದೆ.

ನಾನು ಹುಡುಗಿಯಾಗಿದ್ದಾಗ ಈ ದಾರಿಯಲ್ಲಿ ಬೇಸಿಗೆಗೆ ಹಸಿರೆಂದರೆ ಬೇವಿನ ಮರ, ಜಾಲಿ ಗಿಡ ಅಷ್ಟೇ. ಈಗ ಕರಿಯ ಹೊಲಗಳ ನಡುವೆ ಅಲ್ಲಲ್ಲಿ ಹಸಿರು ಚಪ್ಪರ ಹಾಸಿದಂತೆ ದ್ರಾಕ್ಷಿ ತೋಟಗಳು. ಬರಗಾಲದಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಹನಿಹನಿಯಾಗಿ ಬಿಟ್ಟು ಬಳ್ಳಿ ಉಳಿಸಿಕೊಂಡವರು ನಮ್ಮ ಭಾಗದ ರೈತರು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಬಂದಿದೆ. ಒಣದ್ರಾಕ್ಷಿಯಲ್ಲಿ ಇಡೀ ರಾಜ್ಯಕ್ಕೆ ವಿಜಯಪುರ ಜಿಲ್ಲೆಯೇ ಮುಂದು. ಅದರಲ್ಲೂ ತಿಕೋಟಾ, ಬಬಲೇಶ್ವರದ ಕಡೆ ಯಾರ ಮನೆಗೆ ಹೋದರೂ ಮಾತು ದ್ರಾಕ್ಷಿಯದೇ.

ಎಣ್ಣಿ ಹೊಡೆದ ದಿನದ ಲೆಕ್ಕ

ಮರುದಿನ ನಸುಕಿನಲ್ಲೇ ವೈನಿಯ ಜೊತೆ ತೋಟಕ್ಕೆ ಹೋದೆ. ತಲೆಯ ಮೇಲೆ ಚಪ್ಪರ, ಚಪ್ಪರದ ತುಂಬಾ ಥಾಮ್ಸನ್ ಸೀಡ್‌ಲೆಸ್ ಗೊಂಚಲು. ಒಂದು ಹಣ್ಣು ಕಿತ್ತು ಬೆರಳಿನಿಂದ ತಿಕ್ಕಿದೆ. ಮೇಲೆ ಬೂದಿ ಹಚ್ಚಿದಂತೆ ಬಿಳಿಯ ಪುಡಿ.

"ಇದೇನು ವೈನಿ, ಔಷಧಾನ?" ಎಂದೆ.

"ಅಲ್ಲಬೇ, ಅದು ಹಣ್ಣಿಂದs ಮೇಣ. ದೇವರು ಕೊಟ್ಟದ್ದು. ಔಷಧ ಕಣ್ಣಿಗೆ ಕಾಣಂಗಿಲ್ಲ" ಎಂದಳು ವೈನಿ.

ಅದು ನಿಜ. ಹಣ್ಣಿನ ಒಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ತಡೆಯುವ ಮೇಣವದು. ನಾವು ಪೇಟೆಯಲ್ಲಿ ಅದನ್ನೇ ವಿಷವೆಂದು ತಿಳಿದು ಹಣ್ಣು ಬಿಟ್ಟು ಬರುತ್ತೇವೆ. ನಿಜವಾಗಿ ಹೆದರಬೇಕಾದ್ದು ಕಾಣದೇ ಇರುವುದಕ್ಕೆ.

ನಮ್ಮ ಕಡೆ ಔಷಧ ಸಿಂಪಡಿಸುವುದಕ್ಕೆ "ಎಣ್ಣಿ ಹೊಡೆಯುವುದು" ಎನ್ನುತ್ತಾರೆ. ದ್ರಾಕ್ಷಿ ಬಲು ಸೂಕ್ಷ್ಮ ಬೆಳೆ. ಮೋಡ ಕವಿದರೆ ರೋಗ, ಮಂಜು ಬಿದ್ದರೆ ರೋಗ. ಹಿಂದೆ ಎಲ್ಲದಕ್ಕೂ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವೇ ಮದ್ದು. ಅದರ ಕಥೆಯನ್ನು ಅಣ್ಣನ ಮಗಳು ಹೇಳಿದಳು. ಫ್ರಾನ್ಸ್ ದೇಶದ ಬೋರ್ಡೋದಲ್ಲಿ ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ನೀಲಿ ಬಣ್ಣದ ಈ ಮಿಶ್ರಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ತಗಲಲಿಲ್ಲ. ಮಿಲಾರ್ಡೆ ಎಂಬ ವಿಜ್ಞಾನಿ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಕಳ್ಳರಿಗೆ ಹಚ್ಚಿದ್ದು ರೋಗಕ್ಕೆ ಮದ್ದಾಯಿತು! ಬೋರ್ಡೋ ಈಗಲೂ ಇದೆ, ಅದರ ಜೊತೆಗೆ ಹತ್ತಾರು ಹೊಸ ಔಷಧಗಳು ಬಂದಿವೆ.

ಅಣ್ಣ ಒಂದು ಹಳೆಯ ನೋಟ್‌ಬುಕ್ ತೋರಿಸಿದ. ಯಾವ ದಿನ ಯಾವ ಎಣ್ಣಿ, ಎಷ್ಟು ಲೀಟರು, ಎಲ್ಲಾ ಅವನ ಸೊಟ್ಟ ಅಕ್ಷರದಲ್ಲಿ. "ಇದರಾಗ ಐತಿ ನೋಡು ಎಲ್ಲಾ ಗುಟ್ಟು. ಹೊಡದ ಮ್ಯಾಲ ಇಂತಿಷ್ಟು ದಿನಾ ಬಿಟ್ಟs ಹಣ್ಣು ಕೊಯ್ಯಬೇಕು" ಎಂದ. ಪ್ರತಿ ಔಷಧಕ್ಕೂ ಒಂದು ಗಡುವು. ಕೆಲವಕ್ಕೆ ಕೆಲವೇ ದಿನ, ಕೆಲವಕ್ಕೆ ತಿಂಗಳಿಗೂ ಮೀರಿ. ಅಷ್ಟು ದಿನದಲ್ಲಿ ಬಿಸಿಲು, ಗಾಳಿ, ಗಿಡದ ಸತ್ವ ಸೇರಿ ಔಷಧವನ್ನು ಒಡೆದು ಕಡಿಮೆ ಮಾಡುತ್ತವೆ. ಅವಸರ ಮಾಡಿ ಮೊದಲೇ ಕೊಯ್ದರೆ ಅದು ನಮ್ಮ ತಟ್ಟೆಗೆ ಬರುತ್ತದೆ. ಒಣದ್ರಾಕ್ಷಿಯಾದರೆ ಇನ್ನೂ ಎಚ್ಚರ ಬೇಕು. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಆರಿಹೋಗುವುದು ನೀರು ಮಾತ್ರ, ಒಡೆಯದೆ ಉಳಿದ ಔಷಧ ಆ ಒಂದು ಕಿಲೋದಲ್ಲೇ ದಟ್ಟವಾಗುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರೈತರು ಇಂದಿಗೂ 2010ನೇ ಇಸವಿಯ ಮಾತೆತ್ತುತ್ತಾರೆ. ನಮ್ಮ ದೇಶದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಆ ವರ್ಷ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕ ಸಿಕ್ಕಿತು. ತೋಟದಲ್ಲಿ ಅದನ್ನು ಸಿಸಿಸಿ ಎನ್ನುತ್ತಾರೆ. ಅದು ಹುಳ ಕೊಲ್ಲುವ ಎಣ್ಣಿಯಲ್ಲ. ಚಾಟಣಿ ಮಾಡಿದ ಮೇಲೆ ಬಳ್ಳಿ ಸುಮ್ಮನೆ ಉದ್ದ ಹಬ್ಬದೆ ಕಾಯಿ ಕಟ್ಟಲಿ ಎಂದು ಹೊಡೆಯುತ್ತಿದ್ದುದು. ಹೊಡೆದು ತಿಂಗಳುಗಳೇ ಆದರೂ ಅದು ಬಳ್ಳಿಯಲ್ಲಿ ಕುಳಿತು ಹಣ್ಣಿಗೆ ಇಳಿದಿತ್ತು. ಅಲ್ಲಿಯ ಮಿತಿ ಕಿಲೋಗೆ 0.05 ಮಿಲಿಗ್ರಾಂ, ಎಂದರೆ ಇಪ್ಪತ್ತು ಕಿಲೋ ಹಣ್ಣಿನಲ್ಲಿ ಒಂದೇ ಒಂದು ಮಿಲಿಗ್ರಾಂ. ಕಂಟೇನರುಗಟ್ಟಲೆ ಹಣ್ಣು ಬಂದರಿನಲ್ಲೇ ನಿಂತಿತು, ಬೆಲೆ ನೆಲಕಚ್ಚಿತು. ರಫ್ತಿನ ಹಣ್ಣಿಗೆ 2003-04ರಿಂದಲೇ ಔಷಧದ ಉಳಿಕೆಯ ಪರೀಕ್ಷೆ ಇತ್ತು. ಆದರೆ ಪರೀಕ್ಷಿಸುವ ಪಟ್ಟಿಯಲ್ಲಿ ಈ ಹೆಸರೇ ಇರಲಿಲ್ಲ. ಹುಡುಕದೇ ಇದ್ದದ್ದು ಸಿಗುವುದಾದರೂ ಹೇಗೆ? ಆಮೇಲೆ ಅದನ್ನೂ ಸೇರಿಸಿದರು. ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಈ ಪರೀಕ್ಷೆಗಳಿಗೆಲ್ಲ ಹಿರಿಯಣ್ಣನಿದ್ದಂತೆ.

"ಆವಾಗಿಂದ ಈ ನೋಟ್‌ಬುಕ್ ಹಿಡದೀನಿ" ಎಂದ ಅಣ್ಣ. ಆ ಮಾತಿನಲ್ಲಿದ್ದ ಹೆಮ್ಮೆ ನೋಡಿ, ನಾನು ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯಿತು.

ಶೆಡ್ಡಿನ ಒಳಗೆ

ಮಧ್ಯಾಹ್ನ ಒಣಗಿಸುವ ಶೆಡ್ಡಿಗೆ ಹೋದೆವು. ಉದ್ದಕ್ಕೆ ಕಂಬ ನಿಲ್ಲಿಸಿ, ಒಂದರ ಮೇಲೊಂದು ಬಲೆ ಕಟ್ಟಿ, ಮೇಲೆ ನೆರಳು ಮಾಡಿರುತ್ತಾರೆ. ನಾಲ್ಕೂ ಕಡೆ ಗಾಳಿ ಆಡುತ್ತದೆ. ಕೊಯ್ದ ಗೊಂಚಲುಗಳನ್ನು ಮೊದಲು ಒಂದು ದ್ರಾವಣದಲ್ಲಿ ಕೆಲವು ನಿಮಿಷ ಮುಳುಗಿಸುತ್ತಾರೆ. ಒಂದು ಲೀಟರು ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿಲೀಟರು ಇಥೈಲ್ ಓಲಿಯೇಟ್ ಎಂಬ ಎಣ್ಣೆ. ಹೆಸರು ಕೇಳಿ ಗಾಬರಿಯಾಗಬೇಡಿ. ಪೊಟ್ಯಾಸಿಯಂ ಕಾರ್ಬೋನೇಟ್ ಎಂದರೆ ಕಟ್ಟಿಗೆಯ ಬೂದಿಯ ತಿಳಿನೀರಿನಲ್ಲಿ ಇರುವ ಉಪ್ಪೇ. ಎಣ್ಣೆಗೆ ಮೂಲ ಆಲಿವ್ ಎಣ್ಣೆಯಲ್ಲಿರುವ ಆಮ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ರೈತರು ಬೂದಿನೀರಿಗೆ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದಿ ಒಣಗಿಸುತ್ತಿದ್ದರಂತೆ. ಇದು ಹಣ್ಣಿನ ಮೇಣವನ್ನು ಸಡಿಲಿಸುತ್ತದೆ, ನೀರು ಬೇಗ ಆರುತ್ತದೆ. ತಿಂಗಳು ಹಿಡಿಯುವ ಕೆಲಸ ಎರಡು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ.

ಹೀಗೆ ಒಣಗಿದ ಕಾಳು ಹಸಿರು, ಕಂದು ಬೆರೆತ ಬಣ್ಣ. ಬಾಯಿಗೆ ಹಾಕಿದರೆ ಜೇನಿನಂತೆ ಸಿಹಿ.

"ಅಣ್ಣಾ, ನೀ ನಮಗ ಕಳಸೂದು ಹಳದೀದು ಅಲ್ಲೇನು?"

"ಅದಕ್ಕ ಹೊಗಿ ಕೊಡಬೇಕಾಗತದ" ಎಂದ.

ಸಂಜೆ ಆ ಹೊಗೆಯನ್ನೂ ನೋಡಿದೆ. ಒಂದು ಬಿಗಿಯಾದ ಕೋಣೆ. ಒಳಗೆ ತಟ್ಟೆಗಳಲ್ಲಿ ಒಣದ್ರಾಕ್ಷಿ ಹರವಿ, ಕೆಳಗೆ ಗಂಧಕ ಹೊತ್ತಿಸಿ, ಬಾಗಿಲು ಮುಚ್ಚಿ ಕೆಲವು ಗಂಟೆ ಬಿಡುತ್ತಾರೆ. ಗಂಧಕ ಉರಿದರೆ ಸಲ್ಫರ್ ಡೈಆಕ್ಸೈಡ್ ಎಂಬ ಅನಿಲ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ದ್ರಾಕ್ಷಿ ಕಂದಾಗುವುದೂ ಅದೇ ಬಗೆಯ ಕ್ರಿಯೆಯಿಂದ. ಈ ಅನಿಲ ಆ ಕ್ರಿಯೆಯನ್ನು ತಡೆದು ಬಣ್ಣವನ್ನು ತಿಳಿಯಾಗಿಸುತ್ತದೆ, ಬೂಸು ಹಿಡಿಯದಂತೆಯೂ ಕಾಯುತ್ತದೆ. ಬಾಗಿಲು ತೆಗೆದಾಗ ಬಂದ ವಾಸನೆ ಬೆಂಕಿಕಡ್ಡಿ ಗೀರಿದ್ದರ ನೂರುಪಟ್ಟು. ನನ್ನ ಕಣ್ಣಲ್ಲಿ ನೀರು ಬಂತು. ವೈನಿ ಸೆರಗಿನಿಂದ ಮೂಗು ಮುಚ್ಚಿ ಕೆಮ್ಮತೊಡಗಿದಳು. ಆ ಕೆಮ್ಮು ಕೇಳಿದೊಡನೆ ನನಗೆ ಮಗನ ನೆನಪಾಯಿತು, ತಡೆಯಲಾಗಲಿಲ್ಲ.

"ಅಣ್ಣಾ, ಇದನ್ನು ತಿಂದು ಹುಡುಗಗ ಉಬ್ಬಸ ಬಂತು" ಎಂದುಬಿಟ್ಟೆ.

ಅಣ್ಣ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೂ ಸರಿಯಾಗಿ ಕೂಡಲಿಲ್ಲ. ಯಾಕಾದರೂ ಹೇಳಿದೆನೋ ಎಂದು ನಾನು ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡೆ. ಆಗ ವೈನಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನೀ ಹೇಳಿದ್ದು ಚಲೋ ಆತು. ನಾ ಕೆಮ್ಮಿದರ ನಿಮ್ಮಣ್ಣ ಧೂಳು ಅಂತಾರ."

ಹದಿನಾಲ್ಕು ಕಾಳಿನ ಲೆಕ್ಕ

ಆ ರಾತ್ರಿ ಅಣ್ಣನ ಮಗಳು ನನ್ನ ಹತ್ತಿರ ಕೂತು ಒಂದು ಲೆಕ್ಕ ಬರೆದು ತೋರಿಸಿದಳು. ನನ್ನ ಓದು ಹೈಸ್ಕೂಲಿಗೇ ನಿಂತರೂ ಈ ಲೆಕ್ಕ ತಿಳಿಯಿತು. ನಿಮಗೂ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ದಿನಕ್ಕೆ ಇಷ್ಟು ಸಲ್ಫರ್ ಡೈಆಕ್ಸೈಡ್ ಸಾಕು ಎಂದು ಒಂದು ಮಿತಿ ಹಾಕಿದೆ. ಒಂದು ಕಿಲೋ ದೇಹದ ತೂಕಕ್ಕೆ 0.7 ಮಿಲಿಗ್ರಾಂ. ಹದಿನೈದು ಕಿಲೋ ತೂಗುವ ಮಗುವಿಗೆ ಹತ್ತೂವರೆ ಮಿಲಿಗ್ರಾಂ ಆಯಿತು. ಹೊಗೆ ಕೊಟ್ಟು ತಿಳಿ ಮಾಡಿದ ಒಣದ್ರಾಕ್ಷಿಯಲ್ಲಿ ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮದ ಪ್ರಕಾರ ಕಿಲೋಗೆ 1500 ಮಿಲಿಗ್ರಾಂವರೆಗೆ ಇರಬಹುದು, ಅಂದರೆ ಒಂದು ಗ್ರಾಂಗೆ ಒಂದೂವರೆ ಮಿಲಿಗ್ರಾಂ. ಒಂದು ಕಾಳು ಅರ್ಧ ಗ್ರಾಂ ತೂಗುತ್ತದೆ ಎಂದುಕೊಂಡರೆ ಹದಿನಾಲ್ಕು ಕಾಳಿಗೆ ಮಗುವಿನ ಆ ದಿನದ ಲೆಕ್ಕ ಮುಗಿಯಿತು! ಎಲ್ಲ ಒಣದ್ರಾಕ್ಷಿಯಲ್ಲೂ ಅಷ್ಟು ಇರುತ್ತದೆ ಎಂದಲ್ಲ. ಆದರೆ ನಿಯಮ ಮೀರದ ಪೊಟ್ಟಣದಲ್ಲೂ ಅಷ್ಟು ಇರಬಹುದು.

"ಅತ್ತೀ, ಹೆಚ್ಚಿನ ಮಂದಿಗೆ ಇದರಿಂದ ಏನೂ ಆಗಂಗಿಲ್ಲ. ಉಬ್ಬಸ ಇದ್ದವರೊಳಗ ನೂರಕ್ಕ ಮೂರರಿಂದ ಹತ್ತು ಮಂದಿಗೆ ಇದು ಆಗಿಬರೂದಿಲ್ಲ ಅಂತ ಅಂದಾಜು" ಎಂದಳು. ಅಮೆರಿಕದಲ್ಲಿ ಹೋಟೆಲುಗಳ ಹಸಿ ತರಕಾರಿ ತಾಜಾ ಕಾಣಲೆಂದು ಇದೇ ಜಾತಿಯ ಸಲ್ಫೈಟ್ ಸಿಂಪಡಿಸುತ್ತಿದ್ದರಂತೆ. ತಿಂದವರಿಗೆ ಉಸಿರುಗಟ್ಟಿ ಅನಾಹುತಗಳಾದವು. 1986ರಲ್ಲಿ ಅಲ್ಲಿಯ ಸರಕಾರ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಅದನ್ನು ನಿಷೇಧಿಸಿತು. ನಮ್ಮ ದೇಶದಲ್ಲೂ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇರುವ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕೆಂಬ ನಿಯಮವಿದೆ. ಬಿಡಿಯಾಗಿ ತೂಗಿ ಕೊಡುವ ಅಂಗಡಿಯಲ್ಲಿ ನಾವು ಓದುವುದೇನನ್ನು?

ಬೆಳಿಗ್ಗೆ ಅಣ್ಣ ತಾನಾಗಿಯೇ ಚಹಾದ ಕಪ್ಪು ಹಿಡಿದುಕೊಂಡು ಬಂದು ನನ್ನ ಎದುರು ಕೂತ.

"ತಂಗಿ, ನಾ ಗಂಧಕ ಯಾರ ಸಲುವಾಗಿ ಸುಡತೀನಿ ಹೇಳು? ಕಂದು ಮಾಲು ಒಯ್ದರ ವ್ಯಾಪಾರಿ ಕೈಯಾಗ ಹಿಡದು ನೋಡಿ ರೇಟ್ ಇಳಸತಾನ. ಅವನ ತಪ್ಪೂ ಅಲ್ಲ. ಅಂಗಡ್ಯಾಗ ನಿಮ್ಮಂಥಾ ಹೆಣ್ಮಕ್ಕಳು ಹಳದೀದು ಕೊಡು ಅಂತೀರಿ. ನೀ ಬಾಯಿಬಿಟ್ಟು ಕಂದು ಬಣ್ಣದ್ದು ಕೇಳೀ ಏನು ಯಾವತ್ತರೆ?"

ನನಗೆ ಉತ್ತರ ತೋಚಲಿಲ್ಲ. ನಾನೇ ಒಂದು ಸಲ, "ಈ ವರ್ಷದ್ದು ಸ್ವಲ್ಪ ಮಂಕಾಗಿದೆ" ಎಂದು ಅಣ್ಣನಿಗೆ ಫೋನು ಮಾಡಿದ್ದೆ. ಮರುವರ್ಷದಿಂದ ಬಂಗಾರದ ಬಣ್ಣದ್ದು ಬರತೊಡಗಿತು. ಮಗನ ಉಬ್ಬಸಕ್ಕೆ ಅಣ್ಣನನ್ನು ದೂರಲು ಬಂದವಳು ನಾನು. ಆ ಹೊಗೆಗೆ ಕಡ್ಡಿ ಗೀರಿದ್ದು ನನ್ನ ಕಣ್ಣಿನ ಆಸೆಯೇ ಎಂದು ಆಗ ತಿಳಿಯಿತು.

ಮರಳಿ ಮನೆಗೆ

ಹೊರಡುವಾಗ ಅಣ್ಣ ಎರಡು ಗಂಟು ಕಟ್ಟಿಕೊಟ್ಟ. ದೊಡ್ಡದರಲ್ಲಿ ಹೊಗೆ ಕಾಣದ ಕಂದು ಬಣ್ಣದ್ದು, ಚಿಕ್ಕದರಲ್ಲಿ ಹಳದಿ. "ಓಣಿಯವರಿಗೆ ಎರಡೂ ತೋರಿಸು, ಯಾವುದು ತಗೋತಾರ ನೋಡು" ಎಂದು ನಕ್ಕ. ವೈನಿಗೆ ಹೊಗೆಕೋಣೆಯ ಹತ್ತಿರ ಹೋಗಬೇಡ ಎಂದು ತಾಕೀತು ಮಾಡಿದ, ಕೋಣೆಯ ಬಾಗಿಲು ತೆಗೆದು ಗಾಳಿಯಾಡಿದ ಮೇಲೇ ಆಳುಗಳನ್ನು ಒಳಗೆ ಬಿಡುವುದೆಂದೂ ಒಪ್ಪಿಕೊಂಡ. ಗಂಧಕ ಪೂರ್ತಿ ಬಿಡುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಸಾಲದ ಕಂತು ಕಟ್ಟುವವನನ್ನು ನಾನೂ ಒತ್ತಾಯಿಸಲಿಲ್ಲ.

ನಮ್ಮ ಓಣಿಯ ಮಹಿಳಾ ಸಂಘದ ದಿನ ಎರಡು ತಟ್ಟೆಯಲ್ಲಿ ಎರಡೂ ಬಗೆ ಇಟ್ಟೆ. ಹನ್ನೊಂದು ಜನರಲ್ಲಿ ಒಂಬತ್ತು ಜನರ ಕೈ ಹಳದಿಯ ಕಡೆಗೇ ಹೋಯಿತು! ಆಮೇಲೆ ಕಣ್ಣು ಮುಚ್ಚಿಸಿ ತಿನ್ನಿಸಿದೆ. ಆಗ ಕಂದು ಕಾಳೇ ಸಿಹಿ ಎಂದವರು ಏಳು ಮಂದಿ. ವಿಷಯ ಹೇಳಿದೆ. ಮೂವರು ಕಂದು ಬಣ್ಣದ್ದನ್ನು ಬೇಕೆಂದು ಬರೆಸಿದ್ದಾರೆ. ಮೂವರಾದರೂ ಆದರಲ್ಲ! ಮುಂದಿನ ಯುಗಾದಿಗೆ ಅಣ್ಣ ಒಂದು ರ‍್ಯಾಕಿನ ಮಾಲನ್ನು ಹೊಗೆಯಿಲ್ಲದೆ ನಮಗಾಗಿ ಎತ್ತಿಡುತ್ತಾನೆ.

ಕೊನೆಯದಾಗಿ ನಾನು ಅಡಿಗೆಮನೆಯಲ್ಲಿ ಪಾಲಿಸುತ್ತಿರುವ ನಾಲ್ಕು ಮಾತು:

1. ಪೊಟ್ಟಣ ಕೊಳ್ಳುವಾಗ ಸಲ್ಫೈಟ್, ಸಲ್ಫರ್ ಡೈಆಕ್ಸೈಡ್ ಅಥವಾ 220 ಎಂಬ ಸಂಖ್ಯೆ ಇದೆಯೇ ಎಂದು ಹಿಂಬದಿ ಓದಿ. ಮನೆಯಲ್ಲಿ ಉಬ್ಬಸದವರಿದ್ದರೆ ಅಂಥದ್ದನ್ನು ಬಿಡಿ, ಡಾಕ್ಟರರನ್ನೂ ಕೇಳಿ.

2. ಉಳಿದವರಿಗೆ ಹಳದಿ ಒಣದ್ರಾಕ್ಷಿಯನ್ನೇ ಬಳಸುವುದಾದರೆ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆಯಿರಿ. ಗಂಧಕದ ಅಂಶ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

3. ಹಸಿ ದ್ರಾಕ್ಷಿಯನ್ನು ಕಾಳು ಬಿಡಿಸಿ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಅಮೆರಿಕದ ಕನೆಕ್ಟಿಕಟ್ ಕೃಷಿ ಸಂಶೋಧನಾ ಕೇಂದ್ರದವರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರಿಯ ನಲ್ಲಿ ನೀರಿಗೇ ಹನ್ನೆರಡರಲ್ಲಿ ಒಂಬತ್ತು ಔಷಧಗಳು ಕಡಿಮೆಯಾದವು. 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪ್ರಯೋಗ ಮಾಡಿ, ಲೀಟರು ನೀರಿಗೆ 10 ಗ್ರಾಂ, ಎಂದರೆ ಸುಮಾರು ಎರಡು ಚಮಚ ಅಡಿಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿದರೆ ಸಿಪ್ಪೆಯ ಮೇಲಿನ ಔಷಧ ಇನ್ನೂ ಚೆನ್ನಾಗಿ ಹೋಗುತ್ತದೆಂದು ಕಂಡರು. ಒಳಗೆ ಇಳಿದದ್ದು ಮಾತ್ರ ಯಾವ ತೊಳೆತಕ್ಕೂ ಹೋಗದು. ಅದು ರೈತನ ನೋಟ್‌ಬುಕ್ಕಿನ ದಿನದ ಲೆಕ್ಕಕ್ಕೆ ಬಿಟ್ಟದ್ದು. ಸೋಪು, ಬಟ್ಟೆಯ ಪುಡಿ ಹಾಕಲೇಬೇಡಿ.

4. ಗೋಧಿ ಹುಗ್ಗಿಗೆ ಕಂದು ಒಣದ್ರಾಕ್ಷಿಯನ್ನು ತುಪ್ಪದಲ್ಲಿ ಉಬ್ಬುವವರೆಗೆ ಹುರಿದು ಹಾಕಿ. ಹುಗ್ಗಿಯ ಅಂದ ತುಸು ಮಂಕಾದೀತು, ಆದರೆ ಬೆಲ್ಲವನ್ನು ಒಂದು ಹಿಡಿ ಕಡಿಮೆ ಹಾಕಿದರೂ ಸಾಕು, ಅಷ್ಟು ಸಿಹಿ.

ಈ ಯುಗಾದಿಗೆ ನಮ್ಮ ಮನೆಯಲ್ಲಿ ಅದೇ ಹುಗ್ಗಿ. ಮಗ ಎರಡು ಸಲ ಹಾಕಿಸಿಕೊಂಡು ಉಂಡ. ಆ ರಾತ್ರಿ ನಾನು ಎರಡು ಸಲ ಎದ್ದು ಅವನ ಎದೆಗೆ ಕಿವಿ ಇಟ್ಟು ನೋಡಿದೆ. ಉಸಿರು ಸಮನಾಗಿತ್ತು. ಬೆಳಿಗ್ಗೆ ಎದ್ದವಳೇ ಅಣ್ಣನಿಗೆ ಫೋನು ಮಾಡಿ ತಿಳಿಸಿದೆ.